ಲಿವರೇಜ್ಡ್ ಫಂಡ್, ಇನ್ವರ್ಸ್ ಫಂಡ್: ಯಾವುದು ಯಾರಿಗೆ?

ಅಮೆರಿಕದಲ್ಲಿ ಈ ಎರಡನ್ನೂ ಸಾಮಾನ್ಯ ಷೇರಿನಂತೆಯೇ ಕೊಳ್ಳಬಹುದು. ನನಗೆ ಭಯವಿರುವುದೂ ಅಲ್ಲೇ. 2 ಪಟ್ಟಿನ ಲಿವರೇಜ್ಡ್ ಫಂಡ್ ಷೇರು ಸೂಚ್ಯಂಕದ ಆ ದಿನದ ಶೇಕಡಾವಾರು ಏರಿಳಿತವನ್ನು ದುಪ್ಪಟ್ಟು ಮಾಡುತ್ತದೆ. ಇನ್ವರ್ಸ್ ಫಂಡ್ ಉಲ್ಟಾ ನಡೆಯುತ್ತದೆ. ಎರಡರ ಲೆಕ್ಕವೂ ದಿನಕ್ಕೊಮ್ಮೆ ಹೊಸದಾಗಿ ಶುರು.

ಸೂಚ್ಯಂಕ 100ರಿಂದ 90ಕ್ಕೆ (ಶೇ 10) ಇಳಿದು, ಮರುದಿನ ಮತ್ತೆ 100ಕ್ಕೆ (ಸುಮಾರು ಶೇ 11.11 ಏರಿ) ಬಂತು ಅನ್ನಿ. ಸೂಚ್ಯಂಕದ ಹಾದಿಯಲ್ಲೇ ನಡೆಯುವ ಸಾದಾ ಇಂಡೆಕ್ಸ್ ಫಂಡಿನವರಿಗೆ ನಷ್ಟವಿಲ್ಲ. ಲಿವರೇಜ್ಡ್ ಫಂಡಿನ 100 ಮಾತ್ರ 80ಕ್ಕೆ ಬಿದ್ದು, 97.78ರಲ್ಲಿ ನಿಲ್ಲುತ್ತದೆ. ಇನ್ವರ್ಸ್ ಫಂಡ್ 110ಕ್ಕೆ ಏರಿದರೂ ಕೊನೆಗೆ ಅದೇ 97.78! ಜೊತೆಗೆ ಖರ್ಚೂ ಜಾಸ್ತಿ.

ಒಂದು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವ ಸಣ್ಣ ಹೂಡಿಕೆದಾರರಿಗೆ ಇವು ಸಾಮಾನ್ಯವಾಗಿ ಹೊಂದುವುದಿಲ್ಲ ಎಂದು ಅಲ್ಲಿನ ಷೇರು ದಲ್ಲಾಳಿಗಳ ಮೇಲೆ ನಿಗಾ ಇಡುವ ಸಂಸ್ಥೆ ಫಿನ್ರಾ 2009ರಲ್ಲೇ ಹೇಳಿತ್ತು. ದಿನವೂ ಮಾರುಕಟ್ಟೆ ನೋಡುವವರಾದರೆ ಸರಿ. ನಿವೃತ್ತಿಗೆಂದು ಕೂಡಿಟ್ಟ ಹಣವಾದರೆ ದಯವಿಟ್ಟು ಸಾದಾ ಇಂಡೆಕ್ಸ್ ಫಂಡನ್ನೇ ಆರಿಸಿ.