ಹೌಸ್ ಸಿಸ್ಟಮ್ ಮಕ್ಕಳ ಕೈಗೆ ಕೊಟ್ಟು ನೋಡಿದೆ: ಮೂರು ವರ್ಷ, ಮೂರು ರೀತಿ

ನಮ್ಮ ಶಾಲೆಯಲ್ಲಿ 4 ಹೌಸ್, ಅಂದರೆ ಆಟ, ಸ್ಪರ್ಧೆಗಳಲ್ಲಿ ಪಾಯಿಂಟ್‌ಗಾಗಿ ಪೈಪೋಟಿ ಮಾಡುವ ಮಕ್ಕಳ ತಂಡಗಳು. ಒಂದೊಂದರಲ್ಲೂ ಹೆಚ್ಚು ಕಡಿಮೆ 60 ಮಕ್ಕಳು, ಎಂಟನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗೆ. ಮೂರು ವರ್ಷ ಇದನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಮಕ್ಕಳೇ ನಡೆಸಬೇಕು ಅಂತ ಎಲ್ಲರೂ ಹೇಳುತ್ತಾರೆ, ಹೇಗೆ ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ದಾರಿ. ಹಾಗಾಗಿ ವರ್ಷಕ್ಕೊಂದು ರೀತಿ ಮಾಡಿ ನೋಡಿದೆ. ಮೊದಲು ಟೀಚರ್‌ಗಳೇ ಕ್ಯಾಪ್ಟನ್ ಆರಿಸಿದ್ದು, ಆಮೇಲೆ ಚುನಾವಣೆ, ಕೊನೆಗೆ ಹೌಸನ್ನು ಚಿಕ್ಕ ಚಿಕ್ಕ ಗುಂಪು ಮಾಡಿ ಪ್ರತಿ ಟರ್ಮ್‌ಗೂ ಮುಂದಾಳು ಬದಲಿಸಿದ್ದು.

ನನಗೆ ಮೂರನೆಯದೇ ಸರಿ ಅನಿಸಿತು, ಮೊದಲೇ ಹೇಳಿಬಿಡುತ್ತೇನೆ. ಆದರೆ ಶುರುವಿನಲ್ಲಿ ನಾನು ತಲೆ ಕೆಡಿಸಿಕೊಂಡದ್ದೆಲ್ಲಾ ಕ್ಯಾಪ್ಟನ್ ಯಾರಾಗಬೇಕು ಅನ್ನುವುದರ ಬಗ್ಗೆ. ಜಾಸ್ತಿ ವ್ಯತ್ಯಾಸ ಮಾಡಿದ್ದು ಅದಲ್ಲ. ಹೌಸಿನ ಪಾಯಿಂಟ್ ಬರೆದಿಡುವ ಪುಸ್ತಕ ಯಾರ ಕೈಯಲ್ಲಿತ್ತು ಅನ್ನುವುದು.

ಮೊದಲ ವರ್ಷದ್ದು ತುಂಬಾ ಸುಲಭ. ಸ್ಟಾಫ್ ರೂಮಿನಲ್ಲಿ ಹತ್ತು ನಿಮಿಷ ಕೂತು ಹೆಸರು ಬರೆದೆವು. ಚೆನ್ನಾಗಿ ಓದುವವರು, ಎದುರು ಮಾತಾಡದವರು, ನೀಟಾಗಿ ಬರುವವರು. ಬ್ಯಾಡ್ಜ್ ಹಾಕಿದೆವು. ಅಸೆಂಬ್ಲಿಯಲ್ಲಿ ಸಾಲಿನ ಮುಂದೆ ನಿಂತರು, ಆಟದ ದಿನ ಬಾವುಟ ಹಿಡಿದರು. ಯಾವ ಕಾರ್ಯಕ್ರಮವೂ ಒಂದು ದಿನ ತಡ ಆಗಲಿಲ್ಲ, ಯಾಕೆ ಅಂದರೆ ಎಲ್ಲಾ ಮಾಡುತ್ತಿದ್ದದ್ದು ನಾವು. ಒಂದು ಸಂಜೆ ಒಬ್ಬಳು ಕ್ಯಾಪ್ಟನ್‌ನ ಕರೆದು, ನಾಳೆಯ ಪಂದ್ಯಕ್ಕೆ ನಿಮ್ಮ ಹೌಸಿನಿಂದ ಯಾರ್ಯಾರು ಆಡ್ತಾರೆ ಅಂತ ಕೇಳಿದೆ. "ಲಿಸ್ಟ್ ನೀವು ಕೊಡ್ತೀರಲ್ವಾ ಮಿಸ್?" ಅಂದಳು. ಅವಳ ತಪ್ಪಲ್ಲ. ಆರು ತಿಂಗಳಿಂದ ಹಾಗೇ ನಡೆದಿತ್ತು.

ರೋಜರ್ ಹಾರ್ಟ್ ಅನ್ನುವವರು 1992ರಲ್ಲಿ ಯುನಿಸೆಫ್‌ಗೆ ಬರೆದ ಪ್ರಬಂಧದಲ್ಲಿ ಮಕ್ಕಳ ಪಾಲ್ಗೊಳ್ಳುವಿಕೆಯನ್ನು 8 ಮೆಟ್ಟಿಲಿನ ಏಣಿ ಮಾಡಿ ತೋರಿಸಿದ್ದಾರೆ. ಕೆಳಗಿನ 3 ಮೆಟ್ಟಿಲನ್ನು ಅವರು ಪಾಲ್ಗೊಳ್ಳುವಿಕೆ ಅಂತಲೇ ಎಣಿಸುವುದಿಲ್ಲ. ಮಕ್ಕಳನ್ನು ದಾಳದ ಹಾಗೆ ಬಳಸುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗೆ ಮಾತ್ರ ಸೇರಿಸಿಕೊಳ್ಳುವುದು. ಅದನ್ನು ಓದಿದ ದಿನ ಬಾವುಟ ಹಿಡಿದು ನಿಂತ ಆ ಹುಡುಗಿಯೇ ಕಣ್ಣ ಮುಂದೆ ಬಂದಳು.

ಎರಡನೇ ವರ್ಷ ಚುನಾವಣೆ. ನಿಲ್ಲುವವರು ಅಸೆಂಬ್ಲಿಯಲ್ಲಿ 2 ನಿಮಿಷ ಮಾತಾಡಬೇಕು, ಆಮೇಲೆ ಚೀಟಿ ಹಾಕುವುದು. ಆ ವಾರದ ಸಡಗರ ನೋಡಬೇಕಿತ್ತು. ಕ್ಲಾಸಿನಲ್ಲಿ ಬಾಯಿ ಬಿಡದ ಮಕ್ಕಳು ಮೈಕ್ ಮುಂದೆ ನಿಂತರು. ಈ ಒಂದು ಲಾಭ ಉಳಿದ ಎರಡು ರೀತಿಯಲ್ಲಿ ಸಿಗಲಿಲ್ಲ, ಅದನ್ನು ಒಪ್ಪಲೇಬೇಕು. ಆದರೆ ಗೆದ್ದವರು ಯಾರು? ಮೂರು ಹೌಸಿನಲ್ಲಿ ಆಟದಲ್ಲಿ ಹೆಸರು ಮಾಡಿದ ಹತ್ತನೇ ಕ್ಲಾಸಿನವರು. ಎಂಟನೇ ಕ್ಲಾಸಿನವರು ಶಾಲೆಗೆ ಸೇರಿ ಒಂದು ತಿಂಗಳೂ ಆಗಿರಲಿಲ್ಲ, ಪಾಪ, ಯಾರ ಪರಿಚಯವೂ ಇಲ್ಲ, ಪಕ್ಕದವರು ಹೇಳಿದ ಹೆಸರನ್ನೇ ಬರೆದರು. ನಾನು ಮಾಡಿದ ತಪ್ಪು ಅಂದರೆ ಮತಗಳ ಎಣಿಕೆಯನ್ನು ಎಲ್ಲರ ಮುಂದೆ ಓದಿದ್ದು. ಬರೀ 4 ವೋಟು ಬಂದ ಹುಡುಗ ಒಂದು ವಾರ ಊಟದ ಹೊತ್ತಿಗೆ ಯಾರ ಜೊತೆಯೂ ಕೂರಲಿಲ್ಲ. ಚುನಾವಣೆ ಮಾಡುವವರಿದ್ದರೆ ದಯವಿಟ್ಟು ಗೆದ್ದವರ ಹೆಸರು ಮಾತ್ರ ಹೇಳಿ.

ಇನ್ನು ಕೆಲಸದ ಮಾತು. 60 ಮಕ್ಕಳಿಗೆ ಒಬ್ಬ ಕ್ಯಾಪ್ಟನ್ ಅಂದರೆ ಅವರಿಗೂ ಕಷ್ಟ. ಎಷ್ಟೋ ಹೆಸರುಗಳೇ ಗೊತ್ತಿರುವುದಿಲ್ಲ. ಹಾಗಾಗಿ ತಮ್ಮ ಐದಾರು ಸ್ನೇಹಿತರನ್ನು ಇಟ್ಟುಕೊಂಡು ಎಲ್ಲಾ ಮುಗಿಸುತ್ತಿದ್ದರು. ಮೊದಲ ವರ್ಷ ಟೀಚರ್‌ಗಳು ಮಾಡುತ್ತಿದ್ದದ್ದನ್ನು ಈಗ ದೊಡ್ಡ ಮಕ್ಕಳು ಮಾಡಿದರು, ಉಳಿದ ಐವತ್ತು ಚಿಲ್ಲರೆ ಮಕ್ಕಳು ಆಗಲೂ ನೋಡುತ್ತಾ ಕೂತವರೇ, ಈಗಲೂ ನೋಡುತ್ತಾ ಕೂತವರೇ.

ಅದೇ ವರ್ಷ ಮೆಟ್ಟಿಲ ಹತ್ತಿರ ದೊಡ್ಡ ಬೋರ್ಡ್ ಹಾಕಿ ಇಡೀ ವರ್ಷದ ಪಾಯಿಂಟ್ ಕೂಡಿಸುತ್ತಾ ಹೋದೆವು. ಅರ್ಧ ವರ್ಷದ ಹೊತ್ತಿಗೆ ಒಂದು ಹೌಸ್ ಎಷ್ಟು ಮುಂದೆ ಹೋಗಿತ್ತು ಅಂದರೆ ಕೊನೆಯಲ್ಲಿದ್ದ ಹೌಸಿನವರು ಪ್ರಾಕ್ಟೀಸಿಗೆ ಬರುವುದನ್ನೇ ಬಿಟ್ಟರು. ಮಧ್ಯದ ಎರಡು ಹೌಸಿನ ನಡುವೆ ಮಾತು ನಿಂತಿತು. ಬಣ್ಣದ ರಿಬ್ಬನ್ ಕಿತ್ತುಹಾಕಿದ್ದು, ಪೋಸ್ಟರ್ ಹರಿದದ್ದು, ಎಲ್ಲಾ ಆಯಿತು. ಒಳ್ಳೆಯ ಮಕ್ಕಳೇ ಎಲ್ಲರೂ. ಸುಮ್ನೆ ನಾಲ್ಕು ಬಣ್ಣ ಹಂಚಿ ಪೈಪೋಟಿಗೆ ಬಿಟ್ಟರೆ ಇಷ್ಟಾಗುತ್ತದೆ. ಮನಶ್ಶಾಸ್ತ್ರಜ್ಞ ಮುಝಫರ್ ಶೆರಿಫ್ 1954ರಲ್ಲಿ ಅಮೆರಿಕದ ಒಕ್ಲಹೋಮಾದಲ್ಲಿ 22 ಹುಡುಗರನ್ನು ಎರಡು ಗುಂಪು ಮಾಡಿ ಕ್ಯಾಂಪ್ ನಡೆಸಿದಾಗಲೂ ಹೀಗೇ ಆಗಿತ್ತು. ಪಂದ್ಯ ಶುರುವಾದದ್ದೇ ತಡ, ಬೈಗುಳ, ಬಾವುಟ ಸುಡುವುದು. ಜೊತೆಗೆ ಕೂರಿಸಿ ಊಟ ಹಾಕಿದರೂ ಸರಿಹೋಗಲಿಲ್ಲ. ಎರಡೂ ಗುಂಪು ಸೇರಿ ಮಾಡದೆ ಆಗುವುದೇ ಇಲ್ಲ ಅನ್ನುವಂಥ ಕೆಲಸ ಬಂದಾಗ, ನಿಂತುಹೋದ ನೀರಿನ ಸರಬರಾಜು ಸರಿ ಮಾಡುವುದು, ಕೆಟ್ಟು ನಿಂತ ಲಾರಿ ಎಳೆಯುವುದು, ಹೀಗೆ ಒಂದೊಂದಾಗಿ ಮಾಡಿದ ಮೇಲೆ ಜಗಳ ಇಳಿಯಿತು.

ಮೂರನೇ ವರ್ಷ ಇದನ್ನೆಲ್ಲಾ ಮನಸ್ಸಿನಲ್ಲಿಟ್ಟುಕೊಂಡು ಬೇರೆ ಥರ ಮಾಡಿದೆ. ಒಂದು ಹೌಸಿನ 60 ಮಕ್ಕಳನ್ನು 5 ಗುಂಪು ಮಾಡಿದೆ. ಗುಂಪಿಗೆ 12 ಜನ, ಪ್ರತಿ ಕ್ಲಾಸಿನಿಂದ 4 ಜನ. ಇದೇನೂ ಹೊಸದಲ್ಲ, 1907ರಲ್ಲಿ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಸ್ಕೌಟ್ ಕ್ಯಾಂಪ್ ಮಾಡಿದಾಗ ಇಪ್ಪತ್ತರಷ್ಟು ಹುಡುಗರನ್ನೇ 4 ಗುಂಪು ಮಾಡಿ, ಗುಂಪಿಗೊಬ್ಬ ಹುಡುಗನನ್ನೇ ಮುಂದಾಳು ಮಾಡಿದ್ದರು. 12 ಜನ ಅಂದರೆ ಎಲ್ಲರ ಹೆಸರೂ ಒಂದೇ ವಾರದಲ್ಲಿ ಬರುತ್ತದೆ. ಯಾರು ಬಂದಿಲ್ಲ ಅಂತ ಕಣ್ಣಾಡಿಸಿದರೆ ಗೊತ್ತಾಗುತ್ತದೆ. ಗುಂಪಿಗೆ ಇಬ್ಬರು ಮುಂದಾಳು, ಒಬ್ಬರು ಹತ್ತನೇ ಕ್ಲಾಸು, ಒಬ್ಬರು ಒಂಬತ್ತನೇ ಕ್ಲಾಸು. ಆಸೆ ಇರುವವರು "ಮೊದಲ ತಿಂಗಳು ನಾನು ಏನು ಮಾಡುತ್ತೇನೆ" ಅಂತ ಅರ್ಧ ಪುಟ ಬರೆಯಬೇಕು, ಗುಂಪು ಓದಿ ತೀರ್ಮಾನಿಸಬೇಕು. ಹೆಸರು ಮುಚ್ಚಿ ಓದಿಸಿದೆ. ಹಿಂದಿನ ವರ್ಷ 4 ವೋಟು ಬಂದಿದ್ದ ಹುಡುಗನ ಅರ್ಧ ಪುಟಕ್ಕೆ ಅವನ ಗುಂಪಿನ 9 ಜನ ಕೈ ಎತ್ತಿದರು.

ಈಗ ಪುಸ್ತಕದ ವಿಷಯ. ಒಂದು ದಪ್ಪ ಲೆಕ್ಕದ ಪುಸ್ತಕ, ಹೌಸಿಗೊಂದು ಭಾಗ. ಟೀಚರ್ ಪಾಯಿಂಟ್ ಕೊಡಬೇಕಾದರೆ ಚೀಟಿ ಬರೆದು ಕೊಡಬೇಕು, ಪುಸ್ತಕದಲ್ಲಿ ಪೆನ್ನು ಇಡುವ ಹಾಗಿಲ್ಲ. ಬರೆಯುವುದು ಮಕ್ಕಳೇ. ಶುಕ್ರವಾರ ಕೊನೆಯ ಪೀರಿಯಡ್‌ನಲ್ಲಿ ಹೌಸಿಗೆ ಒಬ್ಬರಂತೆ ನಾಲ್ವರು ಕೂತು ಚೀಟಿ ಮತ್ತು ಪುಸ್ತಕ ತಾಳೆ ನೋಡುತ್ತಾರೆ, ತಮ್ಮ ಪುಟವನ್ನಲ್ಲ, ಬೇರೆ ಹೌಸಿನ ಪುಟವನ್ನು. ಒಂದು ಶುಕ್ರವಾರ ಎಂಟನೇ ಕ್ಲಾಸಿನ ಒಬ್ಬ ಹುಡುಗ ಪುಟದ ಮೇಲೆ ಬೆರಳಿಟ್ಟುಕೊಂಡು ಕೂಡುತ್ತಾ ಹೋದವನು ತಟ್ಟನೆ ನಿಂತ. ಕೈಯಲ್ಲಿ ಒಂದು ಚೀಟಿ ಉಳಿದಿತ್ತು, ಕ್ವಿಜ್‌ನ 15 ಪಾಯಿಂಟ್. ಆ ಪುಟದಲ್ಲಿ ಇಲ್ಲ. ಹಾಳೆ ತಿರುವಿ ತಿರುವಿ ಹುಡುಕಿದ. ಯಾರೋ ತಪ್ಪಿ ಅದನ್ನು ಅವನದೇ ಹೌಸಿನ ಪುಟದಲ್ಲಿ ಬರೆದಿದ್ದರು. ಸ್ವಲ್ಪ ಹೊತ್ತು ಅದನ್ನೇ ನೋಡಿದ. "ಇದು ತೆಗೆದ್ರೆ ನಾವು ಎರಡನೇ ಜಾಗಕ್ಕೆ ಬರ್ತೀವಿ ಮಿಸ್" ಅಂದ ಮೆಲ್ಲಗೆ. ನಾನು ಏನೂ ಹೇಳಲಿಲ್ಲ. ಪಕ್ಕದಲ್ಲಿದ್ದ ಹತ್ತನೇ ಕ್ಲಾಸಿನ ಹುಡುಗಿ ಸ್ಕೇಲು ಕೊಟ್ಟು, "ಗೆರೆ ನೇರವಾಗಿ ಎಳಿ, ಕೆಳಗೆ ಸಹಿ ಹಾಕು" ಅಂದಳು. ಎಳೆದ, ಹಾಕಿದ. ಹಿಂದಿನ ಎರಡು ವರ್ಷ ಪುಸ್ತಕ ನನ್ನ ಡ್ರಾಯರ್‌ನಲ್ಲಿತ್ತು. "ನಮಗೆ ಕಡಿಮೆ ಹಾಕಿದ್ದೀರಾ" ಅನ್ನುವ ದೂರು ವಾರಕ್ಕೊಂದು ಬರುತ್ತಿತ್ತು. ಮೂರನೇ ವರ್ಷ ಅಂಥ ದೂರು ನನ್ನವರೆಗೆ ಬರಲೇ ಇಲ್ಲ.

ಪಾಯಿಂಟ್ ಲೆಕ್ಕದಲ್ಲಿ ಇನ್ನೆರಡು ಬದಲಾವಣೆ ಮಾಡಿದೆವು. ಹೌಸಿನಲ್ಲಿ ಮಕ್ಕಳ ಸಂಖ್ಯೆ ಒಂದೇ ಇರುವುದಿಲ್ಲ, ಒಂದರಲ್ಲಿ 57, ಇನ್ನೊಂದರಲ್ಲಿ 61. ಹಾಗಾಗಿ ಒಟ್ಟು ಪಾಯಿಂಟನ್ನು ತಲೆಗೆ ಭಾಗಿಸಿ ನೋಡುವುದು. ಮತ್ತೆ ಪ್ರತಿ ಟರ್ಮ್ ಸೊನ್ನೆಯಿಂದ ಶುರು. ಟರ್ಮ್ ಮುಗಿದಾಗ ಮೊದಲು ಬಂದ ಹೌಸಿಗೆ 4, ಆಮೇಲೆ 3, 2, 1, ವರ್ಷದ ಕೊನೆಗೆ ಅದನ್ನು ಮಾತ್ರ ಕೂಡುವುದು. ಒಂದು ಟರ್ಮ್ ಕೆಟ್ಟರೂ ಮುಂದಿನದಕ್ಕೆ ಆಸೆ ಉಳಿಯುತ್ತದೆ. ಜೊತೆಗೆ ಟರ್ಮ್‌ಗೆ ಒಂದು ಕೆಲಸ ನಾಲ್ಕೂ ಹೌಸ್ ಸೇರಿ ಮಾಡಬೇಕು, ಎಲ್ಲರೂ ಮುಗಿಸಿದರೆ ಎಲ್ಲರಿಗೂ ಪಾಯಿಂಟ್, ಒಬ್ಬರು ಬಿಟ್ಟರೂ ಯಾರಿಗೂ ಇಲ್ಲ. ಲೈಬ್ರರಿ ಪುಸ್ತಕಗಳಿಗೆ ರಟ್ಟು ಹಾಕಿದ್ದು ಹಾಗೇ.

ತೊಂದರೆ ಇರಲಿಲ್ಲವಾ? ಇತ್ತು. ಈ ರೀತಿ ನಿಧಾನ. ಮೊದಲ ಪಂದ್ಯದ ಪಟ್ಟಿ ಮೂರು ದಿನ ತಡವಾಗಿ ಬಂತು, ಚರ್ಚಾ ಸ್ಪರ್ಧೆಯನ್ನು ಟೆಸ್ಟ್‌ನ ಹಿಂದಿನ ದಿನ ಇಟ್ಟುಕೊಂಡರು. ಕೈ ಹಾಕಿ ಸರಿ ಮಾಡಿಬಿಡೋಣ ಅಂತ ಎಷ್ಟು ಸಲ ಅನಿಸಿತು. ಟರ್ಮ್ ಬದಲಾದಾಗ ಹಳೆಯವರಿಗೆ ಗೊತ್ತಿದ್ದದ್ದು ಹೊಸಬರಿಗೆ ಗೊತ್ತಿರಲಿಲ್ಲ. ಅದಕ್ಕೆ ಗುಂಪಿಗೊಂದು ನೋಟ್‌ಬುಕ್ ಇಟ್ಟು, ಹಳೆಯ ಜೋಡಿ ಹೊಸ ಜೋಡಿಯ ಜೊತೆ ಅರ್ಧ ಗಂಟೆ ಕೂತೇ ಬ್ಯಾಡ್ಜ್ ಕೊಡಬೇಕು ಅಂತ ಮಾಡಿದೆವು.

ಜಾಸ್ತಿ ವಾದ ಆದದ್ದು ಟೀಚರ್‌ಗಳ ಜೊತೆ. ಗಲಾಟೆ ಮಾಡಿದರೆ, ಹೋಂವರ್ಕ್ ತರದಿದ್ದರೆ ಹೌಸ್ ಪಾಯಿಂಟ್ ಕಳೆಯೋಣ ಅಂತ ಕೆಲವರು. ನಾನು ಇದಕ್ಕೆ ಕೊನೆವರೆಗೂ ಒಪ್ಪಲಿಲ್ಲ. ಒಂದು ಮಗು ಮಾಡಿದ ತಪ್ಪಿಗೆ 59 ಜನ ಅದರ ಮುಖ ನೋಡಿ ಸಿಟ್ಟು ಮಾಡಿಕೊಳ್ಳುವ ಹಾಗೆ ಮಾಡುವುದು ಶಿಕ್ಷೆಗಿಂತ ಕೆಟ್ಟದ್ದು. ಶಿಸ್ತಿನ ವಿಷಯ ಕ್ಲಾಸ್ ಟೀಚರ್ ನೋಡಿಕೊಳ್ಳಲಿ, ಪುಸ್ತಕದಲ್ಲಿ ಕೂಡುವುದು ಮಾತ್ರ ಇರಲಿ.

ವಾರಕ್ಕೆ ಅರ್ಧ ಗಂಟೆಗಿಂತ ಜಾಸ್ತಿ ಸಮಯ ಇಲ್ಲದವರು 20 ಗುಂಪು ಮಾಡಲು ಹೋಗಬೇಡಿ, ಕೈ ಸೋಲುತ್ತದೆ. ಕ್ಯಾಪ್ಟನ್‌ಗಳನ್ನು ನೀವೇ ಆರಿಸಿದರೂ ಪರವಾಗಿಲ್ಲ, ಪುಸ್ತಕ ಮತ್ತು ಶುಕ್ರವಾರದ ತಾಳೆ ಮಕ್ಕಳಿಗೆ ಕೊಡಿ. ನಮ್ಮಲ್ಲಿ ಈಗ ಮಕ್ಕಳು ಕ್ಯಾಲೆಂಡರ್ ಕೇಳಿದ್ದಾರೆ, ಮುಂದಿನ ಟರ್ಮ್‌ನ ಎಲ್ಲಾ ತಾರೀಕು ತಾವೇ ಹಾಕುತ್ತಾರಂತೆ. ಟೆಸ್ಟ್ ಮತ್ತು ರಜೆಯ ದಿನಗಳನ್ನು ಕೆಂಪು ಪೆನ್ನಿನಲ್ಲಿ ಗುರುತು ಮಾಡಿ ಹಾಳೆ ಕೊಟ್ಟಿದ್ದೇನೆ. ಉಳಿದ ಚೌಕಗಳೆಲ್ಲಾ ಖಾಲಿ.