ಆಟಿಯ ಮಳೆ, ಒಂಟಿ ವೈಪರ್ ಮತ್ತು ಹಳೆಯ ಬೆಂಜ್ ಇ220

ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಜೋರು ಮಳೆಯಲ್ಲಿ, ಕಾಸರಗೋಡಿನ ಕುಂಬಳೆಯಿಂದ ಉಪ್ಪಳದ ಕಡೆ ಹೆದ್ದಾರಿಯಲ್ಲಿ ಹೋಗುವಾಗ ಮುಂದಿನ ಲಾರಿ ಎಬ್ಬಿಸಿದ ಕೆಂಪು ನೀರು ಗಾಜನ್ನು ಪೂರ್ತಿ ಮುಚ್ಚಿಬಿಡುತ್ತದೆ. ಇ220ರ ವೈಪರ್ ಒಂದು ಸಲ ಹೋಗಿ ಬಂದರೆ ಸಾಕು, ಮೇಲಿನ ಎರಡೂ ಮೂಲೆಗಳ ಸಮೇತ ಗಾಜು ತಿಳಿಯಾಗುತ್ತದೆ. ಇರುವುದು ಒಂದೇ ಕೈ. ಆದರೆ ಅದು ಬರೀ ಅರ್ಧಚಂದ್ರ ಬಿಡಿಸುವ ಕೈ ಅಲ್ಲ. ಮೂಲೆಯ ಕಡೆ ಸಾಗುವಾಗ ಚಾಚಿಕೊಳ್ಳುತ್ತದೆ, ನಡುವಿಗೆ ಬಂದಾಗ ಒಳಗೆ ಎಳೆದುಕೊಳ್ಳುತ್ತದೆ, ಹೀಗೆ ಗಾಜಿನ 86 ಶೇಕಡದಷ್ಟು ಜಾಗ ಒರೆಸುತ್ತದೆ. ಈಗಿನ ಎಷ್ಟೋ ಹೊಸ ಕಾರುಗಳ ಎರಡೆರಡು ವೈಪರಿಗೂ ನಮ್ಮ ಮಳೆಯಲ್ಲಿ ಇಷ್ಟು ನೆಮ್ಮದಿ ಕೊಡಲು ಆಗುವುದಿಲ್ಲ.

ಈ ಕಾರಿನ ಡಬ್ಲ್ಯು124 ಮಾದರಿ 1984ರ ಕೊನೆಗೆ ಜರ್ಮನಿಯಲ್ಲಿ ಬಂದದ್ದು, ಇ220 ಅನ್ನು 1995ರಲ್ಲಿ ಪುಣೆಯಲ್ಲಿ ಜೋಡಿಸಲು ತೊಡಗಿದ್ದು. ಇಂಜಿನ್ನು, ಅಶ್ವಶಕ್ತಿಯ ಲೆಕ್ಕವೆಲ್ಲ ಎಲ್ಲ ಕಡೆ ಸಿಗುತ್ತದೆ. ಕಾಸರಗೋಡಿನಲ್ಲಿ ಈ ಕಾರು ಇಟ್ಟುಕೊಳ್ಳುವವರಿಗೆ ಬೇಕಾದದ್ದು ಬೇರೆ: ನೀರು ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿಂದ ಹೊರಗೆ ಹೋಗಬೇಕು.

ಮೊದಲು ವೈಪರ್. ಅದರ ಚಾಚುವ ಕೆಲಸ ಕೈಯ ಬುಡದಲ್ಲಿರುವ ಗೇರ್ ಮತ್ತು ಜಾರುಕೋಲಿನಿಂದ ನಡೆಯುತ್ತದೆ. ಅಲ್ಲಿನ ಗ್ರೀಸ್ ಒಣಗಿ ಮೇಣದಂತಾದರೆ ವೈಪರ್ ಮೂಲೆಯಲ್ಲಿ ಒಂದು ಕ್ಷಣ ತಡವರಿಸುತ್ತದೆ, ಟಕ್ ಎಂದು ಸದ್ದು ಮಾಡುತ್ತದೆ. ಆಮೇಲೆ ವೇಗ ಇಳಿಯುತ್ತದೆ, ಕೊನೆಗೆ ಮೋಟಾರೇ ಸುಡುತ್ತದೆ. ತಡೆಯುವುದು ಅರ್ಧ ಗಂಟೆಯ ಕೆಲಸ. ವೈಪರ್ ಓಡಿಸಿ, ಕೈ ನೆಟ್ಟಗೆ ನಿಂತಾಗ ಕೀಲಿ ತಿರುಗಿಸಿ ನಿಲ್ಲಿಸಿ, ಕೀಲಿಯನ್ನು ಹೊರಗೆ ತೆಗೆದಿಡಿ. ಬುಡದ ಪ್ಲಾಸ್ಟಿಕ್ ಮುಚ್ಚಳ ಕಳಚಿ, ಹಳೆಯ ಗ್ರೀಸನ್ನು ಸೀಮೆಎಣ್ಣೆ ಅದ್ದಿದ ಬ್ರಶ್ಶಿನಿಂದ ತೊಳೆದು, ಒರೆಸಿ, ಬಿಳಿ ಲಿಥಿಯಂ ಗ್ರೀಸ್ ಹಚ್ಚಿ. ವರ್ಷಕ್ಕೊಮ್ಮೆ ಸಾಕು. ಬ್ಲೇಡ್ ಮಾತ್ರ ಎರಡು ಬ್ಲೇಡಿನ ಕೆಲಸ ಒಂದೇ ಮಾಡುವುದರಿಂದ ಪ್ರತಿ ಮಳೆಗಾಲಕ್ಕೂ ಹೊಸದು ಬೇಕು. ಅದರಲ್ಲಿ ಚೌಕಾಸಿ ಬೇಡ.

ಇದೇ ವೈಪರಿನ ಅಡಿಯಲ್ಲಿ ಕಾರಿನ ದೊಡ್ಡ ತೊಂದರೆಯೂ ಉಂಟು. ಗಾಜಿನ ಬುಡದ ಜಾಲರಿಯ ಕೆಳಗೆ ಒಂದು ತೊಟ್ಟಿ. ಗಾಜಿನಿಂದಿಳಿದ ನೀರೆಲ್ಲ ಅಲ್ಲಿಗೆ ಬಂದು ಬದಿಯ ತೂತುಗಳಿಂದ ಕೆಳಗೆ ಹೋಗಬೇಕು. ಎಸಿಯ ಬ್ಲೋವರ್ ಮೋಟಾರ್ ಕೂತಿರುವುದೂ ಅದೇ ತೊಟ್ಟಿಯ ಕೆಳಗೆ. ನಮ್ಮಲ್ಲಿ ಕಾರು ನಿಲ್ಲುವುದು ಮಾವು, ಹಲಸಿನ ಅಡಿಯಲ್ಲಿ. ಮಾವಿನ ಹೂವಿನ ಕಡ್ಡಿ, ಹಲಸಿನ ತರಗೆಲೆ, ಮೇಲಿನಿಂದ ಮುರಕಲ್ಲಿನ (ಜಂಬಿಟ್ಟಿಗೆಯ) ಧೂಳು ಮೂರೂ ಸೇರಿ ನೆನೆದರೆ ಮೆತ್ತಿದ ಮಣ್ಣಿನಂತೆ ಗಟ್ಟಿಯಾಗಿ ತೂತು ಮುಚ್ಚುತ್ತವೆ. ತೊಟ್ಟಿ ತುಂಬಿದ ನೀರು ಬ್ಲೋವರಿನ ದಾರಿಯಲ್ಲಿ ಒಳಗಿಳಿದು ಕಾಲಡಿಯ ಕಾರ್ಪೆಟ್ಟಿಗೆ ಸೇರುತ್ತದೆ. ಬ್ಲೋವರ್ ಹಾಕಿದ ಕೂಡಲೇ ಗುಳುಗುಳು ಸದ್ದು ಕೇಳಿದರೆ, ಅಥವಾ ಕೊಳೆತ ಎಲೆಯ ವಾಸನೆ ಬಂದರೆ, ಎಸಿ ರಿಪೇರಿಗೆ ಕೊಡುವ ಮೊದಲು ಈ ತೊಟ್ಟಿ ನೋಡಿ.

ನೋಡುವುದಕ್ಕೆ ಈ ಕಾರಿನಷ್ಟು ಅನುಕೂಲ ಇರುವ ಕಾರುಗಳು ಕಡಿಮೆ. ಹಿಂಜಿನ ಕೊಂಡಿ ಬಿಡಿಸಿದರೆ ಬಾನೆಟ್ ಬಾಗಿಲಿನಂತೆ ನೇರ 90 ಡಿಗ್ರಿಗೆ ನಿಲ್ಲುತ್ತದೆ. ಕೈಗೆ ಬಂದಷ್ಟು ಕಸ ಎತ್ತಿ ತೆಗೆಯಿರಿ, ತೂತಿನೊಳಗೆ ದೂಡಬೇಡಿ. ಆಮೇಲೆ ಒಂದು ಚೊಂಬು ನೀರು ಹೊಯ್ದು ಎರಡೂ ಬದಿಯಿಂದ ಕೆಳಗೆ ಬೀಳುತ್ತದೆಯೇ ಎಂದು ನೋಡಿ. ತೋಟದ ನೀರಿನ ಕಣಿ ಬಿಡಿಸುವುದು, ಹಂಚು ಸರಿಮಾಡುವುದು ಹೇಗೆ ಪತ್ತನಾಜೆಯೊಳಗೆ, ಅಂದರೆ ಮೇ ಕೊನೆಯ ವಾರದೊಳಗೆ, ಮುಗಿಯಬೇಕೋ ಇದೂ ಹಾಗೆಯೇ. ಮಳೆ ಹಿಡಿದ ಮೇಲೆ ವಾರಕ್ಕೊಮ್ಮೆ ಜಾಲರಿಯ ಮೇಲಿನ ಎಲೆ ಹೆಕ್ಕಿದರೆ ಸಾಕು.

ಸನ್‌ರೂಫ್ ಇರುವ ಕಾರಾದರೆ ನಾಲ್ಕು ಮೂಲೆಯಲ್ಲಿ ನಾಲ್ಕು ಕೊಳವೆ. ಮುಂದಿನವು ಗಾಜಿನ ಪಕ್ಕದ ಕಂಬದೊಳಗೆ, ಹಿಂದಿನವು ಹಿಂಗಾಜಿನ ಪಕ್ಕದ ಕಂಬದೊಳಗೆ ಇಳಿಯುತ್ತವೆ. ಸನ್‌ರೂಫ್ ರಬ್ಬರ್ ಎಷ್ಟೇ ಹೊಸದಿದ್ದರೂ ಸ್ವಲ್ಪ ನೀರು ಒಳಗೆ ಬಿಡುತ್ತದೆ. ಆ ನೀರನ್ನು ಹೊರಗೆ ಹಾಕುವುದೇ ಕೊಳವೆಯ ಕೆಲಸ. ಆದ್ದರಿಂದ ಸೀಲಿಂಗ್ ಬಟ್ಟೆಯ ಮೂಲೆಯಲ್ಲಿ ಕಂದು ಕಲೆ ಕಂಡರೆ ರಬ್ಬರಿಗೆ ಸಿಲಿಕೋನ್ ಮೆತ್ತುವುದು ದಂಡ. ಗ್ಯಾರೇಜಿನವರು ಕಂಪ್ರೆಸರಿನ ಗಾಳಿ ಹೊಡೆಯುತ್ತೇವೆ ಎಂದರೆ ಬೇಡ ಎನ್ನಿ: ಹಳೆಯ ಕೊಳವೆ ಒಳಗೆ ಕಳಚಿಕೊಂಡರೆ ಸೀಲಿಂಗ್ ಇಳಿಸದೆ ಮತ್ತೆ ಸಿಕ್ಕಿಸಲಾಗದು. ಹುಲ್ಲು ಹೆರೆಯುವ ಮೆಷಿನ್ನಿನ ನೈಲಾನ್ ದಾರ ನಮ್ಮ ಕಡೆ ಪ್ರತಿ ತೋಟದ ಮನೆಯಲ್ಲೂ ಇರುತ್ತದೆ. ಸುಮಾರು ಎರಡು ಮೀಟರ್ ತುಂಡು ತೆಗೆದು, ತುದಿಯನ್ನು ಬೆಂಕಿಗೆ ಹಿಡಿದು ಉರುಟು ಮಾಡಿ, ನಿಧಾನಕ್ಕೆ ತಿರುಗಿಸುತ್ತ ಇಳಿಸಿ. ಬಳಿಕ ಲೋಟದಲ್ಲಿ ನೀರು ಹೊಯ್ದು ನೋಡಿ.

ಕಾರ್ಪೆಟ್ ಒಮ್ಮೆ ನೆನೆದರೆ ಮೇಲಿನಿಂದ ಮುಟ್ಟಿ ಮೋಸಹೋಗುವುದು ಸುಲಭ. ಅಡಿಯಲ್ಲಿ ದಪ್ಪ ಫೋಮ್ ಇರುವುದರಿಂದ ಮೇಲೆ ಒಣಗಿದ್ದರೂ ಕೆಳಗೆ ಸ್ಪಂಜಿನಂತೆ ನೀರು ಕೂತಿರುತ್ತದೆ, ವಾರಗಟ್ಟಲೆ. ಅಷ್ಟರಲ್ಲಿ ತಗಡು ಸಿಡುಬು ಬಂದಂತೆ ಗುಳ್ಳೆ ಏಳುತ್ತದೆ. ಆಟಿಯ ಹವೆಯಲ್ಲಿ ಟೇಬಲ್ ಫ್ಯಾನಿಗೆ ಅದು ಒಣಗುವುದಿಲ್ಲ. ಸೀಟು ಬಿಚ್ಚಿ, ಕಾರ್ಪೆಟ್ ಹೊರಗೆ ತೆಗೆದು, ಅಡಿಕೆ ಒಣಗಿಸುವ ಸೋಲಾರ್ ಗೂಡಿನಲ್ಲಿ ಮಗುಚಿ ಹಾಕುವುದೇ ಸರಿ. ಬೇಸಗೆಯಲ್ಲೂ ಒದ್ದೆಯಾದರೆ ಮಳೆಯನ್ನು ದೂರಬೇಡಿ, ಎಸಿಯ ನೀರು ಹೋಗುವ ಕೊಳವೆ ಕಟ್ಟಿದೆ ಎಂದರ್ಥ. ಸೆಂಟ್ರಲ್ ಲಾಕಿಂಗಿನ ಗಾಳಿ ಪಂಪ್ ಕೂಡ ಫೋಮ್ ಪೆಟ್ಟಿಗೆಯೊಳಗೆ ಇರುವಂಥದ್ದು, ತೇವ ತಾಗಿದರೆ ಸಾಯುತ್ತದೆ. ಲಾಕ್ ಹಾಕಿದಾಗ ಅದು ಎರಡು ಮೂರು ಸೆಕೆಂಡಿನಲ್ಲಿ ನಿಲ್ಲಬೇಕು. ಅರ್ಧ ನಿಮಿಷದ ಹತ್ತಿರ ಗುಂಯ್‌ಗುಟ್ಟಿದರೆ ಯಾವುದೋ ಬಾಗಿಲಿನ ರಬ್ಬರ್ ಕೊಳವೆ ಒಡೆದಿದೆ. ಪಂಪ್ ಸುಡುವ ಮೊದಲು ಹುಡುಕಿಸಿ.

ಇಷ್ಟು ಹೇಳಿದ ಮೇಲೆ ಕೊಳ್ಳುವ ಮನಸ್ಸು ಇಳಿದಿರಬಹುದು. ಆದರೆ ಮುಚ್ಚಿಟ್ಟು ಪ್ರಯೋಜನವಿಲ್ಲ, ತುಕ್ಕಿನ ಮಾತು ಇನ್ನೂ ಬಾಕಿ ಉಂಟು. ಕಡಲಿನ ಗಾಳಿ ತಾಗುವ ಮಂಜೇಶ್ವರ, ಕುಂಬಳೆಯ ಕಾರಿಗೂ ಮುಳ್ಳೇರಿಯ, ಬದಿಯಡ್ಕದ ಒಳನಾಡಿನ ಕಾರಿಗೂ ಅಜಗಜಾಂತರ. ಬಾಗಿಲಿನ ಕೆಳಗಿನ ಪ್ಲಾಸ್ಟಿಕ್ ಹೊದಿಕೆಯ ಹಿಂದೆ ಉಪ್ಪು ಮಣ್ಣು ಕೂತು ತಗಡನ್ನು ತಿನ್ನುತ್ತದೆ. ಹೊರಗಿನಿಂದ ಪೇಂಟ್ ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ಕೊಳ್ಳುವಾಗ ಕಾರಿನ ಬದಿಯಲ್ಲಿರುವ ಜಾಕ್ ತೂತುಗಳ ನಾಲ್ಕು ಮುಚ್ಚಳ ತೆಗೆದು ಬೆರಳು ಹಾಕಿ. ಕಂದು ಪುಡಿ ಬಂದರೆ ಬೆಲೆ ಇಳಿಸಿ, ಪದರ ಪದರವಾಗಿ ಎದ್ದು ಬಂದರೆ ಕಾರು ಬಿಡಿ. ಒಳ್ಳೆಯದಾದರೆ ಅದೇ ತೂತುಗಳಿಂದ ಮೇ ತಿಂಗಳಲ್ಲಿ ತುಕ್ಕು ತಡೆಯುವ ಮೇಣ (ಕ್ಯಾವಿಟಿ ವ್ಯಾಕ್ಸ್) ಹೊಡೆಸಿ. ಬ್ಯಾಟರಿ ತಟ್ಟೆಯ ಅಡಿ, ಹಿಂಗಾಜಿನ ಕೆಳಮೂಲೆ, ಮುಂದಿನ ಸ್ಪ್ರಿಂಗ್ ಕೂರುವ ಬಟ್ಟಲು, ಇವನ್ನೂ ಟಾರ್ಚ್ ಹಿಡಿದು ನೋಡಬೇಕು.

ನೀರಿಗೆ ಸಂಬಂಧವಿಲ್ಲದ ದೊಡ್ಡ ಖರ್ಚು ಇಂಜಿನ್ ವಯರಿಂಗಿನದು. 1993ರಿಂದ 1995ರ ನಡುವಿನ ಕಾರುಗಳ ವಯರಿನ ಹೊದಿಕೆ ಇಂಜಿನ್ನಿನ ಬಿಸಿಗೆ ಬಿಸ್ಕತ್ತಿನಂತೆ ಉದುರುತ್ತದೆ ಎನ್ನುವುದು ಈ ಮಾದರಿ ಬಲ್ಲವರಿಗೆಲ್ಲ ಗೊತ್ತು. ತಂತಿಗೆ ತಂತಿ ತಾಗಿ ಇಂಜಿನ್ ನಡುಗುತ್ತದೆ, ಸುಮ್ಮನೆ ಆಫ್ ಆಗುತ್ತದೆ. ಮಳೆಯಲ್ಲಿ ಇದು ಜಾಸ್ತಿಯಾಗುವುದರಿಂದ ಪ್ಲಗ್, ಕಾಯಿಲ್ ಎಂದು ಒಂದೊಂದೇ ಬದಲಿಸಿ ದುಡ್ಡು ಕಳೆಯುವವರು ಬಹಳ. ಇಂಜಿನ್ ತಣ್ಣಗಿರುವಾಗ ಇಂಜೆಕ್ಟರಿನ ಹತ್ತಿರದ ವಯರನ್ನು ಮೆಲ್ಲನೆ ಬಗ್ಗಿಸಿ ನೋಡಿ, ಸಿಪ್ಪೆ ಎದ್ದರೆ ಟೇಪ್ ಸುತ್ತಿ ಪ್ರಯೋಜನವಿಲ್ಲ. ಹೊಸ ಹಾರ್ನೆಸ್ (ವಯರುಗಳ ಇಡೀ ಕಟ್ಟು) ತರಿಸಿ, ಇಲ್ಲವೇ ಬಿಸಿ ತಡೆಯುವ ವಯರಿನಲ್ಲಿ ಪೂರ್ತಿ ಮರುಕಟ್ಟಿಸಿ. ಥ್ರಾಟಲ್ ಪೆಟ್ಟಿಗೆಯೊಳಗಿನ ವಯರಿಗೂ ಅದೇ ಗತಿ, ಎರಡನ್ನೂ ಒಟ್ಟಿಗೆ ಮಾಡಿಸಿ.

ಎಸಿ ಗ್ಯಾಸ್ ವರ್ಷವರ್ಷವೂ ಖಾಲಿಯಾಗುತ್ತಿದ್ದರೆ ಗಾಳಿ ತಣಿಸುವ ಇವಾಪೊರೇಟರ್ ಮೇಲೆ ಸಂಶಯ ಇರಲಿ. ಅದನ್ನು ಬದಲಿಸಲು ಡ್ಯಾಶ್‌ಬೋರ್ಡ್ ಇಡೀ ಇಳಿಸಬೇಕು, ಕೂಲಿಯೇ ಬಿಡಿಭಾಗದ ಬೆಲೆ ಮೀರುತ್ತದೆ. ರೇಡಿಯೇಟರಿಗೆ ಬಾವಿ ನೀರು ಹಾಕಲೇಬಾರದು: ನಮ್ಮ ಮುರಕಲ್ಲಿನ ಬಾವಿಗಳ ನೀರು ಹುಳಿ, ಕೆಲವೆಡೆ ಕಬ್ಬಿಣದ ಅಂಶವೂ ಉಂಟು, ಅಲ್ಯೂಮಿನಿಯಂ ಹೆಡ್ಡನ್ನು ಒಳಗಿನಿಂದ ಕೊರೆಯುತ್ತದೆ. ಪೆಟ್ರೋಲಿಗೆ 20 ಶೇಕಡ ಎಥೆನಾಲ್ ಸೇರುವ ಈ ಕಾಲದಲ್ಲಿ ಹಿಂದಿನ ಆಕ್ಸಲ್ ಬಳಿಯ ಪಂಪಿನ ಹಳೆಯ ರಬ್ಬರ್ ಪೈಪುಗಳನ್ನು ಎಥೆನಾಲ್ ತಡೆಯುವ ಪೈಪಿಗೆ ಬದಲಿಸಿಕೊಳ್ಳಿ. ಟಯರ್ 195/65 ಆರ್15, ಸುಲಭಕ್ಕೆ ಸಿಗುವ ಅಳತೆ.

ತಲಪಾಡಿ ಗಡಿಯಾಚೆಯ ಕಾರು ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವ ಮೊದಲು ಕಾಗದದ ಲೆಕ್ಕ ಹಾಕಿ. ಕರ್ನಾಟಕದ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಕೇರಳದ ತೆರಿಗೆ, ಕಾಸರಗೋಡಿನ ಕೆಎಲ್ 14 ನಂಬರು ಎಲ್ಲ ಆಗಬೇಕು. ಹದಿನೈದು ವರ್ಷ ದಾಟಿದ ಕಾರಿಗೆ ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ, ಹಸಿರು ತೆರಿಗೆ. 2025ರ ಆಗಸ್ಟಿನ ತಿದ್ದುಪಡಿಯಲ್ಲಿ 20 ವರ್ಷ ಮೀರಿದ ಕಾರಿನ ನವೀಕರಣ ಶುಲ್ಕವೇ 10,000 ರೂಪಾಯಿಗೆ ಏರಿತು. ಪೆಟ್ರೋಲ್, ಇನ್ಶೂರೆನ್ಸ್ ಬಿಟ್ಟು ವರ್ಷಕ್ಕೆ 60,000 ರೂಪಾಯಿ ತೆಗೆದಿಡಲು ಆಗುವವರು, ಸೋರದ ಶೆಡ್ ಇರುವವರು ಧೈರ್ಯವಾಗಿ ತೆಗೆದುಕೊಳ್ಳಬಹುದು. ಮನೆಗೆ ಒಂದೇ ಕಾರು ಎನ್ನುವವರಿಗೆ ಖಂಡಿತ ಬೇಡ.

ಇಟ್ಟುಕೊಂಡವರು ಮಳೆಗಾಲದಲ್ಲಿ ದಿನಾ ಮಾಡಬೇಕಾದ ಒಂದು ಕೆಲಸ ಉಂಟು. ಮನೆ ತಲುಪಲು ಎರಡು ಕಿಲೋಮೀಟರ್ ಇರುವಾಗ ಎಸಿ ಆಫ್ ಮಾಡಿ, ಬರೀ ಬ್ಲೋವರನ್ನು ಜೋರಾಗಿ ಬಿಡಿ, ಇವಾಪೊರೇಟರ್ ಒಣಗಲಿ. ಶೆಡ್ಡಿಗೆ ತಂದು ನಿಲ್ಲಿಸಿದ ಮೇಲೆ ವೈಪರ್ ಬ್ಲೇಡನ್ನು ಎತ್ತಿ ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ. ಕೆಂಪು ಮಣ್ಣಿನ ಸಣ್ಣ ಗೆರೆಯೊಂದು ಬಟ್ಟೆಗೆ ಹತ್ತುತ್ತದೆ. ಅದು ಅಲ್ಲೇ ಉಳಿದರೆ ಮರುದಿನ ಬೆಳಗ್ಗೆ ಮೊದಲ ಬೀಸಿಗೇ ಗಾಜಿಗೆ ಗೀರು ಬೀಳುತ್ತದೆ.