ಗೋವಿನಜೋಳವೋ, ಸ್ವೀಟ್ ಕಾರ್ನೋ: ಒಂದೇ ಹೊಲ, ಎರಡು ಮುಂಗಾರು

ಬೆಳೆ ಒಂದೇ, ಹೆಸರು ಮೂರು: ಮೈಸೂರು ಕಡೆ ಮುಸುಕಿನಜೋಳ, ದಾವಣಗೆರೆ ಕಡೆ ಮೆಕ್ಕೆಜೋಳ, ನಮ್ಮ ಹಾವೇರಿ ಜಿಲ್ಲೆಯಲ್ಲಿ ಗೋವಿನಜೋಳ. ರಾಣೆಬೆನ್ನೂರು ತಾಲ್ಲೂಕಿನ ನಮ್ಮೂರಲ್ಲಿ ಮಿರಗ (ಮೃಗಶಿರಾ) ಮಳೆ ಬಿದ್ದರೆ ಸಾಕು, ಎತ್ತ ನೋಡಿದರೂ ಅದೇ ಬಿತ್ತನೆ. ಅಪ್ಪನ ಕಾಲದಲ್ಲಿ ಹತ್ತಿ, ಶೇಂಗಾ, ಬಿಳಿಜೋಳ ಇದ್ದ ಹೊಲದಲ್ಲಿ ನಾನು ಸಾಗುವಳಿ ಹಿಡಿದಾಗಿಂದ ಗೋವಿನಜೋಳ ಬಿಟ್ಟು ಬೇರೆ ಬೆಳೆದದ್ದು ಕಡಿಮೆ. ಹುಬ್ಬಳ್ಳಿ ಬಸ್ ಸ್ಟ್ಯಾಂಡಿನ ಹೊರಗೆ ಕುದಿಸಿದ ಸ್ವೀಟ್ ಕಾರ್ನ್ ತೆನೆ ಒಂದಕ್ಕೆ 30 ರೂಪಾಯಿ ಕೊಟ್ಟು ತಿಂದ ದಿನ ತಲೆಯಲ್ಲಿ ಲೆಕ್ಕ ಶುರುವಾಯಿತು. ನಾನು ಒಂದು ಕ್ವಿಂಟಲ್ ಕಾಳಿಗೆ ಎರಡು ಸಾವಿರ ಸಿಕ್ಕರೆ ಖುಷಿ ಪಡುವವನು.

ಹಾಗಾಗಿ 2023ರಲ್ಲಿ ಒಂದೂವರೆ ಎಕರೆ ಮಸಾರಿ (ಕೆಂಪು ಮಣ್ಣಿನ) ಹೊಲವನ್ನು ಎರಡು ಪಾಲು ಮಾಡಿದೆ. ಒಂದು ಎಕರೆಗೆ ಕಾಳಿನ ಹೈಬ್ರಿಡ್, ಅಂದರೆ ಮಾಮೂಲಿ ಗೋವಿನಜೋಳ, ಅರ್ಧ ಎಕರೆಗೆ ಸ್ವೀಟ್ ಕಾರ್ನ್. ಎರಡಕ್ಕೂ ಒಂದೇ ಬೋರಿನ ನೀರು, ಒಂದೇ ಕೊಟ್ಟಿಗೆ ಗೊಬ್ಬರ, ಒಂದೇ ದಿನ ಬಿತ್ತನೆ. ಸರಿಯಾಗಿ ಹೋಲಿಸಬೇಕೆಂದರೆ ಒಂದೇ ದಿನ ಬಿತ್ತಬೇಕು ಅಂದುಕೊಂಡಿದ್ದೆ. ಅದೇ ದೊಡ್ಡ ತಪ್ಪಾಯಿತು. ಅದನ್ನು ಮುಂದೆ ಹೇಳುತ್ತೇನೆ.

ಬೀಜದಿಂದಲೇ ವ್ಯತ್ಯಾಸ ಶುರು. ಕಾಳಿನ ಹೈಬ್ರಿಡ್ ನಾಲ್ಕು ಕಿಲೋ ಪ್ಯಾಕೆಟ್, ಎಕರೆಗೆ ಎರಡು ಬೇಕು. ಎರಡೂ ಸೇರಿ ಮೂರು ಸಾವಿರದೊಳಗೆ ಆಯಿತು. ಸ್ವೀಟ್ ಕಾರ್ನ್ ಬೀಜ ಕಿಲೋಗೇ ಎರಡೂವರೆ ಸಾವಿರದ ಆಸುಪಾಸು. ಅರ್ಧ ಎಕರೆಗೆ ಒಂದೂವರೆ ಕಿಲೋ ತಂದೆ. ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ: ಕಾಳಿನ ಬೀಜ ದುಂಡಗೆ ಗಟ್ಟಿ, ಸ್ವೀಟ್ ಕಾರ್ನ್ ಬೀಜ ಒಣದ್ರಾಕ್ಷಿ ಹಾಗೆ ಸುಕ್ಕುಗಟ್ಟಿ ಹಗುರ. ಪಿಷ್ಟ ಕಡಿಮೆ ಇರುವುದರಿಂದ ಅದರ ಹೊಟ್ಟೆಯಲ್ಲಿ ಬುತ್ತಿಯೇ ಇಲ್ಲ. ಆಳಕ್ಕೆ ಬಿದ್ದರೆ ಮೇಲೆ ಬರುವಷ್ಟರಲ್ಲಿ ಸುಸ್ತಾಗುತ್ತದೆ, ನೀರು ನಿಂತರೆ ಕೊಳೆಯುತ್ತದೆ. ಗೋವಿನಜೋಳವನ್ನು ನಾಲ್ಕೈದು ಸೆಂಟಿಮೀಟರ್ ಆಳಕ್ಕೆ ಕೂರಿಗೆ ಹೂಡಿ ಬಿತ್ತಿದೆವು. ಸ್ವೀಟ್ ಕಾರ್ನಿಗೆ ಬೋದು ಏರಿಸಿ, 60 ಸೆಂಟಿಮೀಟರ್ ಸಾಲು, 30 ಸೆಂಟಿಮೀಟರ್ ಅಂತರದಲ್ಲಿ ಒಂದೊಂದೇ ಕಾಳು ಕೈಯಿಂದ ಊರಿದೆವು, ಎರಡು ಬೆರಳಗಲ ಮಣ್ಣು ಮುಚ್ಚಿ. ಆದರೂ ಬಿತ್ತಿದ ಮೂರನೇ ದಿನ ಬಿದ್ದ ಒಂದು ಜೋರು ಮಳೆಗೆ ಮೇಲ್ಮಣ್ಣು ಹೆಪ್ಪುಗಟ್ಟಿ, ಹತ್ತರಲ್ಲಿ ಎರಡು ಮೊಳಕೆ ಮೇಲೇಳಲಿಲ್ಲ. ಗೋವಿನಜೋಳ ಅದೇ ಹೆಪ್ಪನ್ನು ಒಡೆದುಕೊಂಡು ಬಂತು. ಮರುವರ್ಷ ಐವತ್ತು ರೂಪಾಯಿ ಖರ್ಚಿನಲ್ಲಿ ಒಂದಷ್ಟು ಸಸಿ ಪ್ರೋ ಟ್ರೇಯಲ್ಲಿ ಎಬ್ಬಿಸಿಟ್ಟುಕೊಂಡೆ, ಖಾಲಿ ಜಾಗಕ್ಕೆ ನೆಟ್ಟೆ. ಹತ್ತು ದಿನದೊಳಗೆ ನೆಟ್ಟರೆ ಹಿಡಿಯುತ್ತದೆ, ಆಮೇಲೆ ನೆಟ್ಟದ್ದು ಕುಳ್ಳಾಗಿಯೇ ಉಳಿಯುತ್ತದೆ.

ಗೊಬ್ಬರದಲ್ಲಿ ಹೇಳುವಂಥ ವ್ಯತ್ಯಾಸ ಇಲ್ಲ. ನೀರಾವರಿ ಗೋವಿನಜೋಳಕ್ಕೆ ಹೆಕ್ಟೇರಿಗೆ 150 ಕಿಲೋ ಸಾರಜನಕ, 75 ರಂಜಕ, 40 ಪೊಟ್ಯಾಶ್ ಅನ್ನುವ ಶಿಫಾರಸಿನ ಲೆಕ್ಕದಲ್ಲಿ ಎಕರೆಗೆ ಒಂದೂಕಾಲು ಚೀಲ ಡಿಎಪಿ, ಅರ್ಧ ಚೀಲ ಪೊಟ್ಯಾಶ್, ಎರಡೂಕಾಲು ಚೀಲ ಯೂರಿಯಾ. ಡಿಎಪಿ, ಪೊಟ್ಯಾಶ್ ಬಿತ್ತುವಾಗಲೇ ಪೂರ್ತಿ. ಯೂರಿಯಾ ಬಿತ್ತುವಾಗ ಸ್ವಲ್ಪ, ಮೊಣಕಾಲೆತ್ತರ ಬಂದಾಗ ಮತ್ತು ಸೂಲಂಗಿ (ಗಿಡದ ತುದಿಯ ಗಂಡು ಹೂ) ಹೊರಡುವ ಮುಂಚೆ ಉಳಿದದ್ದು, ಎರಡು ಸಲಕ್ಕೂ ಎಡೆಕುಂಟೆ ಹೊಡೆದು ಬುಡಕ್ಕೆ ಮಣ್ಣು ಏರಿಸಿ. ಸತುವಿನ ಸಲ್ಫೇಟ್ ಎಕರೆಗೆ ನಾಲ್ಕು ಕಿಲೋ. ನಮ್ಮ ಮಸಾರಿಗೆ ಅದನ್ನು ಬಿಟ್ಟರೆ ಎಳೆ ಎಲೆ ಬಿಳಿಚಿಕೊಳ್ಳುತ್ತದೆ. ಕಳೆಗೆ ಬಿತ್ತಿದ ಮರುದಿನ ಎರಡಕ್ಕೂ ಅಟ್ರಾಜಿನ್. ಆಮೇಲೆ ಹುಟ್ಟಿದ ಕಳೆಗೆ ಗೋವಿನಜೋಳಕ್ಕೆ ಟೆಂಬೋಟ್ರಿಯೋನ್ ಹೊಡೆದೆ. ಸ್ವೀಟ್ ಕಾರ್ನಿನ ಕೆಲವು ತಳಿಗೆ ಅದು ತಡೆಯುವುದಿಲ್ಲ ಎಂದು ಕೇಳಿದ್ದರಿಂದ ಅಲ್ಲಿ ಆಳು ಹಚ್ಚಿ ಕಳೆ ತೆಗೆಸಿದೆ.

ಗಾಳಿ ಮಾಡಿದ್ದು

2023ರ ಆಗಸ್ಟ್ ನೆನಪಿದೆಯಲ್ಲ? ಮೋಡ ಬರುತ್ತಿದ್ದವು, ಮಳೆ ಬರುತ್ತಿರಲಿಲ್ಲ. ಸರ್ಕಾರ 223 ತಾಲ್ಲೂಕು ಬರಪೀಡಿತ ಎಂದು ಘೋಷಿಸಿದ ವರ್ಷ ಅದು. ಬೋರಿನ ನೀರನ್ನು ಎರಡೂ ಪಾಲಿಗೆ ಸರದಿ ಮೇಲೆ ಬಿಡುತ್ತಿದ್ದೆ, ಯಾವುದಕ್ಕೂ ಸಾಲುತ್ತಿರಲಿಲ್ಲ. ಸ್ವೀಟ್ ಕಾರ್ನ್ ಐವತ್ತನೇ ದಿನಕ್ಕೆ ಸೂಲಂಗಿ ಹಾಕಿತು, ಗೋವಿನಜೋಳ ಒಂದು ವಾರ ತಡವಾಗಿ. ಈ ವಾರದ ಅಂತರ ಎರಡರ ಪರಾಗ ಬೆರೆಯದಂತೆ ಕಾಪಾಡುತ್ತದೆ ಅಂದುಕೊಂಡಿದ್ದೆ. ಆದರೆ ನೀರು ಕಡಿಮೆಯಾದರೆ ಸೂಲಂಗಿ ಹೊತ್ತಿಗೆ ಸರಿಯಾಗಿ ಬಂದರೂ ತೆನೆಯ ರೇಷ್ಮೆ ಎಳೆ (ಪರಾಗ ಹಿಡಿಯುವ ತುದಿಯ ಕೂದಲು) ತಡವಾಗಿ ಹೊರಡುತ್ತದೆ. ಸ್ವೀಟ್ ಕಾರ್ನಿನ ಎಳೆ ಹೊರಬರುವಷ್ಟರಲ್ಲಿ ಅದರದೇ ಪರಾಗ ಅರ್ಧ ಉದುರಿತ್ತು, ಪಕ್ಕದ ಗೋವಿನಜೋಳದ ಪರಾಗ ಆಗತಾನೇ ಉದುರಲು ಶುರುವಾಗಿತ್ತು. ಗಾಳಿ ಪಶ್ಚಿಮದಿಂದ, ಗೋವಿನಜೋಳ ಇದ್ದದ್ದೂ ಪಶ್ಚಿಮಕ್ಕೇ.

ಒಂದು ರೇಷ್ಮೆ ಎಳೆಗೆ ಒಂದು ಕಾಳು. ಆ ಎಳೆಯ ಮೇಲೆ ಯಾವ ಪರಾಗ ಬಿತ್ತೋ ಆ ಕಾಳಿನ ಗುಣ ಹಾಗೆ, ಅದೇ ವರ್ಷ, ಅದೇ ತೆನೆಯಲ್ಲಿ. ಸಿಹಿ ಗುಣ ತಾಯಿ ತಂದೆ ಎರಡೂ ಕಡೆಯಿಂದ ಬಂದರೆ ಮಾತ್ರ ಉಳಿಯುತ್ತದೆ. ಗೋವಿನಜೋಳದ ಪರಾಗ ಬಿದ್ದರೆ ಕಾಳು ಹಿಟ್ಟು ತುಂಬಿಕೊಂಡು ಬಿಡುತ್ತದೆ. ಬದುವಿನ ಕಡೆಯ ಸಾಲಿನ ತೆನೆ ಸುಲಿದು ನೋಡಿದೆ: ನಡುನಡುವೆ ಗಟ್ಟಿ, ಹೊಳೆಯುವ ದಪ್ಪ ಕಾಳು. ಬಾಯಿಗೆ ಹಾಕಿದರೆ ಹಸಿ ಹಿಟ್ಟು. ಒಂದೊಂದೇ ಸಾಲು ದಾಟುತ್ತಾ ತೆನೆ ಕಚ್ಚಿ ನೋಡಿದೆ. ಮೊದಲ ಎಂಟು ಸಾಲು ಮಾರುವ ಹಾಗಿರಲಿಲ್ಲ. ಇಪ್ಪತ್ತನೇ ಸಾಲು ದಾಟಿದ ಮೇಲೆ ಅಲ್ಲೊಂದು ಇಲ್ಲೊಂದು ಮಾತ್ರ. ಗೋವಿನಜೋಳಕ್ಕೆ ಇದರಿಂದ ಏನೂ ಆಗಲಿಲ್ಲ. ಸ್ವೀಟ್ ಕಾರ್ನ್ ಪರಾಗ ಬಿದ್ದರೂ ಅದರ ಕಾಳು ಹಿಟ್ಟಿನ ಕಾಳೇ.

ಹೋಲಿಕೆಗೆಂದು ಪಕ್ಕಪಕ್ಕ, ಒಂದೇ ದಿನ ಬಿತ್ತುವುದು ಈ ಎರಡಕ್ಕೆ ಸಲ್ಲದು. ಊರೆಲ್ಲ ಗೋವಿನಜೋಳ ಇರುವಾಗ ದೂರ ಬಿತ್ತುವುದಕ್ಕೆ ಜಾಗವೂ ಸಿಗದು. ಉಳಿದ ದಾರಿ ಹೊತ್ತು ಬೇರೆ ಮಾಡುವುದು. 2024ರಲ್ಲಿ ಗೋವಿನಜೋಳವನ್ನು ಜೂನ್ 10ಕ್ಕೆ ಬಿತ್ತಿದೆ. ಸ್ವೀಟ್ ಕಾರ್ನನ್ನು ಮೂರು ತುಂಡು ಮಾಡಿ ಜುಲೈ 5, 17, 29ರಂದು ಊರಿದೆ. ಆಗಸ್ಟ್ ಕೊನೆಗೆ ಮೊದಲ ತುಂಡಿನ ರೇಷ್ಮೆ ಬರುವಷ್ಟರಲ್ಲಿ ನನ್ನ ಗೋವಿನಜೋಳದ ಸೂಲಂಗಿ ಒಣಗಿತ್ತು. ಆ ವರ್ಷ ಹಿಟ್ಟಿನ ಕಾಳು ಹೆಚ್ಚುಕಡಿಮೆ ಕಾಣಲಿಲ್ಲ.

ಸೈನಿಕ ಹುಳು

ತಡವಾಗಿ ಬಿತ್ತಿದ್ದಕ್ಕೆ ಬೇರೆ ದಂಡ ಕಟ್ಟಿದೆ. 2018ರಲ್ಲಿ ಶಿವಮೊಗ್ಗದ ಗೋವಿನಜೋಳದಲ್ಲಿ ಭಾರತದಲ್ಲೇ ಮೊದಲು ಕಾಣಿಸಿಕೊಂಡ ಫಾಲ್ ಆರ್ಮಿ ವರ್ಮ್ ಎಂಬ ಈ ಸೈನಿಕ ಹುಳು ಈಗ ನಮ್ಮ ಕಾಯಂ ನೆಂಟ. ತಲೆಯ ಮೇಲೆ ತಿರುವುಮುರುವಾದ ವೈ ಗುರುತು, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಚುಕ್ಕೆ. ಊರೆಲ್ಲ ಒಟ್ಟಿಗೆ ಬಿತ್ತಿದಾಗ ಹುಳು ಹಂಚಿಹೋಗುತ್ತದೆ. ಎಲ್ಲರ ಬೆಳೆ ಬಲಿತು ನನ್ನದೊಂದೇ ಎಳೆಯದಾಗಿ ನಿಂತಾಗ ಚಿಟ್ಟೆಗಳೆಲ್ಲ ಅಲ್ಲಿಗೇ ಬಂದು ಮೊಟ್ಟೆ ಇಟ್ಟವು. ಮೂರನೇ ತುಂಡಿನಲ್ಲಿ ಹತ್ತು ಗಿಡಕ್ಕೆ ಆರರ ಸುಳಿಯಲ್ಲಿ ಮರದ ಪುಡಿಯಂಥ ಹಿಕ್ಕೆ.

ಗೋವಿನಜೋಳಕ್ಕೆ ಮದ್ದು ಸುಲಭ. ಇಪ್ಪತ್ತನೇ ದಿನ ಎಮಾಮೆಕ್ಟಿನ್ ಬೆಂಜೋಯೇಟ್ ಲೀಟರಿಗೆ 0.4 ಗ್ರಾಂ, ನಳಿಕೆ ಸುಳಿಗೇ ತಿರುಗಿಸಿ. ಹುಳು ದೊಡ್ಡದಾದ ಮೇಲೆ ವಿಷದ ಉಂಡೆ: 10 ಕಿಲೋ ಅಕ್ಕಿ ತೌಡು, 2 ಕಿಲೋ ಬೆಲ್ಲ, ಎರಡು ಮೂರು ಲೀಟರ್ ನೀರು ಕಲಸಿ ಒಂದು ದಿನ ಹುಳಿ ಬರಿಸಿ, ಹಾಕುವ ಅರ್ಧ ಗಂಟೆ ಮುಂಚೆ 100 ಗ್ರಾಂ ಥಯೋಡಿಕಾರ್ಬ್ ಸೇರಿಸಿ ಸುಳಿಗೆ ಚಿಟಿಕೆ ಚಿಟಿಕೆ ಬಿಡುವುದು. ಸ್ವೀಟ್ ಕಾರ್ನ್ ಹಾಗಲ್ಲ. ಎಂಬತ್ತು ದಿನದೊಳಗೆ ಮಗು ಅದನ್ನು ಹಸಿಯಾಗಿಯೇ ಕಚ್ಚಿ ತಿನ್ನುತ್ತದೆ, ಅದರ ಸೊಪ್ಪೆಯನ್ನು ಹಾಲು ಕರೆಯುವ ಎಮ್ಮೆ ತಿನ್ನುತ್ತದೆ. ಅಲ್ಲಿ ವಿಷದ ಉಂಡೆ ಹಾಕಲು ಮನಸ್ಸು ಬರಲಿಲ್ಲ. ಎರಡು ಸಲ ಬೇವಿನ ಔಷಧಿ, ಇಪ್ಪತ್ತೈದನೇ ದಿನದೊಳಗೆ ಒಂದೇ ಒಂದು ಸಲ ಎಮಾಮೆಕ್ಟಿನ್, ಉಳಿದದ್ದಕ್ಕೆ ಮರಳಿಗೆ ಸುಣ್ಣ ಬೆರೆಸಿ ಸುಳಿಗೆ ಹಾಕಿದೆವು. ಅವ್ವ, ಹೆಂಡತಿ, ನಾನು ಮೂವರೂ ಬೆಳಗಿನ ಹೊತ್ತು ಸಾಲು ಹಿಡಿದು ಕೂತೆವು. ಆರೇಳು ಗುಂಟೆಯ ತುಂಡಾದ್ದರಿಂದ ಆಯಿತು, ಎಕರೆಗಟ್ಟಲೆ ಇದ್ದರೆ ಆಗುವ ಮಾತಲ್ಲ.

ಕೊಯ್ಲು

ನನ್ನ ಪ್ರಕಾರ ಎರಡಕ್ಕೂ ಇರುವ ನಿಜವಾದ ಅಂತರ ಇಲ್ಲಿ.

ಸ್ವೀಟ್ ಕಾರ್ನ್ ರೇಷ್ಮೆ ಬಂದ ಹದಿನೆಂಟರಿಂದ ಇಪ್ಪತ್ತೆರಡು ದಿನದೊಳಗೆ ಮುರಿಯಬೇಕು. ರೇಷ್ಮೆ ಕಂದಾಗಿ ಒಣಗಿರಬೇಕು, ಉಗುರು ಚುಚ್ಚಿದರೆ ಹಾಲು ಚಿಮ್ಮಬೇಕು. ನೀರಿನಂತೆ ಬಂದರೆ ಎಳೆಯದು, ಗಂಜಿಯಂತೆ ಬಂದರೆ ಮುಗಿಯಿತು. ಈ ಹದ ನಾಲ್ಕೈದು ದಿನ ಅಷ್ಟೇ. ಮುರಿದ ಮೇಲೆ ಬಿಸಿಲಿಗೆ ಬಿದ್ದರೆ ಸಿಹಿ ಕರಗುತ್ತಾ ಹೋಗುತ್ತದೆ, ಅದಕ್ಕೇ ಬೆಳಗಿನ ಜಾವ ಐದೂವರೆಗೆ ಹೊಲದಲ್ಲಿರಬೇಕು. 2023ರಲ್ಲಿ ಒಬ್ಬ ವ್ಯಾಪಾರಿ ಕಿಲೋಗೆ 11 ರೂಪಾಯಿ ಮಾತಾಡಿಕೊಂಡು ಸೋಮವಾರ ಗಾಡಿ ಕಳಿಸುತ್ತೇನೆ ಅಂದ. ಸೋಮವಾರ ಹೋಯಿತು, ಮಂಗಳವಾರ ಹೋಯಿತು. ಪಕ್ಕದ ಹೊಲದ ಕಾಕಾ ಬದುವಿನ ಮೇಲೆ ನಿಂತು ಕೇಳಿದರು: "ಅಲ್ಲೋ ತಮ್ಮಾ, ಅವನ ಗಾಡಿ ಬರೂ ಮಟಾ ನಿನ್ನ ತೆನಿ ನಿಲ್ಲತೈತೇನು?" ಶುಕ್ರವಾರ ಗಾಡಿ ಬಂತು. ಕಾಳು ಚುಚ್ಚಿ ನೋಡಿ "ಬಲಿತೈತಿ" ಅಂದು 6 ರೂಪಾಯಿ ಮಾಡಿದ. ಸುಮಾರು ಒಂದೂವರೆ ಟನ್ ಕೊಟ್ಟೆ, 9,000 ಬಂತು. ಖರ್ಚು 12,000 ಆಗಿತ್ತು.

ಅದೇ ಹೊತ್ತಿಗೆ ಗೋವಿನಜೋಳ ತನ್ನ ಪಾಡಿಗೆ ನಿಂತಿತ್ತು. ಕಾಳು ಬಿಡಿಸಿ ತುದಿಯಲ್ಲಿ ಕಪ್ಪು ಚುಕ್ಕೆ ಕಂಡರೆ ಬಲಿತ ಲೆಕ್ಕ. ಆಗಲೂ ಅದರಲ್ಲಿ ನೂರಕ್ಕೆ ಮೂವತ್ತರ ಮೇಲೆ ನೀರು ಇರುತ್ತದೆ, ಆದರೆ ಮುರಿಯಲೇಬೇಕು ಎಂಬ ಅವಸರ ಇಲ್ಲ. ಆಳು ಸಿಕ್ಕಾಗ ಮುರಿದೆವು, ಕಣದಲ್ಲಿ ಒಣಗಿಸಿದೆವು, ಮಷಿನ್ ಸಿಕ್ಕಾಗ ರಾಶಿ ಮಾಡಿದೆವು. ಬರದ ವರ್ಷ, 17 ಕ್ವಿಂಟಲ್ ಬಂತು. ಆಗಿನ ದರ ಹಿಡಿಸಲಿಲ್ಲ, ಚೀಲ ತುಂಬಿ ಇಟ್ಟು ಫೆಬ್ರವರಿಯಲ್ಲಿ 2,200ಕ್ಕೆ ಕೊಟ್ಟೆ. ಆ ವರ್ಷದ ಬೆಂಬಲ ಬೆಲೆ 2,090 ಇತ್ತು.

ಗೋವಿನಜೋಳಕ್ಕೂ ತನ್ನ ಭಯ ಇದೆ. 2024ರ ಅಕ್ಟೋಬರಿನಲ್ಲಿ ಮಳೆ ಬಿಡಲೇ ಇಲ್ಲ. ತೆನೆ ತಲೆ ಕೆಳಗೆ ಮಾಡಿ ಜೋತಿದ್ದರಿಂದ ಸಿಪ್ಪೆಯೊಳಗೆ ನೀರು ಇಳಿಯಲಿಲ್ಲ. ನೆಲಕ್ಕೆ ಬಿದ್ದ ಗಿಡದಲ್ಲಿ ಮಾತ್ರ ಕಾಳು ತೆನೆಯಲ್ಲೇ ಮೊಳೆಯಿತು, ಬೂಸ್ಟು ಹಿಡಿಯಿತು. ನವೆಂಬರಿನಲ್ಲಿ ಮುರಿದು ರಾಶಿ ಮಾಡಿದಾಗ 25 ಕ್ವಿಂಟಲ್. ಮಾರ್ಕೆಟ್ಟಿನಲ್ಲಿ ಮೀಟರ್ ಇಟ್ಟರೆ ತೇವ ನೂರಕ್ಕೆ 17 ತೋರಿಸಿತು, ಬೇಕಾದದ್ದು 14. ವಾಪಸ್ ತಂದು ತಾಡಪತ್ರಿ ಮೇಲೆ ಮೂರು ದಿನ ಹರವಿದೆ. ಒಣಗಿಸಿದರೆ ತೂಕ ಹೋಗುತ್ತದೆ ಎಂದು ಹಲವರು ಹಸಿಯಾಗೇ ಕೊಟ್ಟುಬಿಡುತ್ತಾರೆ. ಲೆಕ್ಕ ಹಾಕಿ ನೋಡಿ: 20 ತೇವದ ಒಂದು ಕ್ವಿಂಟಲ್ 14ಕ್ಕೆ ಇಳಿದರೆ 93 ಕಿಲೋ ಉಳಿಯುತ್ತದೆ, ಹೋಗುವುದು ಏಳೇ ಕಿಲೋ. ದರದಲ್ಲಿ ಅದಕ್ಕಿಂತ ಹೆಚ್ಚು ಮುರಿದುಕೊಳ್ಳುತ್ತಿದ್ದರೆ ಒಣಗಿಸುವುದೇ ಲಾಭ.

ಅದೇ 2024ರಲ್ಲಿ ಸ್ವೀಟ್ ಕಾರ್ನ್ ನನಗೆ ದುಡ್ಡು ಕೊಟ್ಟಿತು. ಮೂರು ತುಂಡಾದ್ದರಿಂದ ಒಮ್ಮೆಗೆ ಎಂಟೊಂಬತ್ತು ಕ್ವಿಂಟಲ್ ಮಾತ್ರ. ದೊಡ್ಡ ಗಾಡಿಯ ಹಂಗಿಲ್ಲದೆ ಟಂಟಂನಲ್ಲಿ ಹಾಕಿಕೊಂಡು ರಾಣೆಬೆನ್ನೂರಿಗೂ ಹಾವೇರಿಗೂ ನಾನೇ ಒಯ್ದೆ. ಮೂರನೇ ತುಂಡು ದಸರಾ ದಾಟಿ ಬಂತು, ಹುಳು ತಿಂದದ್ದು ಕಳೆದರೂ ಒಟ್ಟು 26 ಕ್ವಿಂಟಲ್, ಸರಾಸರಿ ಕಿಲೋಗೆ ಹತ್ತೂವರೆ. 27,300 ಬಂತು, ಖರ್ಚು 14,000. ಅರ್ಧ ಎಕರೆಗೆ 13,300 ಉಳಿತಾಯ. ಗೋವಿನಜೋಳ ಎಕರೆಗೆ 2,150ರ ದರದಲ್ಲಿ 53,750 ಬಂತು, ರಾಶಿ, ಹಮಾಲಿ, ಬಾಡಿಗೆ ಎಲ್ಲ ಸೇರಿ ಖರ್ಚು 23,000, ಉಳಿದದ್ದು 30,750. ಎಕರೆ ಲೆಕ್ಕದಲ್ಲಿ ಗೋವಿನಜೋಳವೇ ನಾಲ್ಕು ಸಾವಿರ ಮುಂದೆ. ಆದರೆ ಅದರ ದುಡ್ಡು ಕೈಗೆ ಬರಲು ಐದು ತಿಂಗಳ ಮೇಲೆ ಹಿಡಿಯಿತು, ಸ್ವೀಟ್ ಕಾರ್ನಿನದು ಎಂಬತ್ತು ದಿನಕ್ಕೆ. ಮೊದಲ ತುಂಡು ಖಾಲಿಯಾದ ಜಾಗದಲ್ಲಿ ಹಿಂಗಾರಿ ಜೋಳ ಬಿತ್ತಿದೆ.

ಲೆಕ್ಕದ ಪುಸ್ತಕದಲ್ಲಿ ಬರೆಯದ ಒಂದು ಬಾಬತ್ತು ಮೇವು. ತೆನೆ ಮುರಿದ ಸ್ವೀಟ್ ಕಾರ್ನ್ ಗಿಡ ಇನ್ನೂ ಹಸಿರಾಗಿಯೇ ಇರುತ್ತದೆ. ದಿನಾ ಎರಡು ಹೊರೆ ಕೊಯ್ದು ಕತ್ತರಿಸಿ ಹಾಕಿದರೆ ನಮ್ಮ ಎರಡು ಎಮ್ಮೆ ಕಡ್ಡಿ ಬಿಡದೆ ತಿಂದವು, ತಿಂಗಳ ಮೇಲೆ ಹಸಿ ಮೇವು ಕೊಳ್ಳಲಿಲ್ಲ. ಗೋವಿನಜೋಳದ ಸೊಪ್ಪೆ ಒಣಗಿ ಕಟ್ಟಿಗೆಯಾಗಿರುತ್ತದೆ, ಬಣವೆ ಒಟ್ಟಿದರೂ ದನ ಎಲೆ ಆರಿಸಿಕೊಂಡು ದಂಟು ಬಿಡುತ್ತವೆ. ಅವ್ವನನ್ನು ಕೇಳಿದರೆ ಸ್ವೀಟ್ ಕಾರ್ನೇ ಇರಲಿ ಅನ್ನುತ್ತಾಳೆ, ಈ ಒಂದು ಕಾರಣಕ್ಕೆ.

ನನ್ನ ಹೊಲಕ್ಕೆ ನಾನು ಒಪ್ಪಿಕೊಂಡ ಪಾಲು ಇದೇ: ಒಂದು ಎಕರೆ ಗೋವಿನಜೋಳ, ಅರ್ಧ ಎಕರೆ ಸ್ವೀಟ್ ಕಾರ್ನ್, ಅದೂ ತುಂಡು ತುಂಡಾಗಿ. ಬೋರ್ ಇಲ್ಲದವರಿಗೆ, ಪೇಟೆ ಗಂಟೆಯ ದಾರಿಗಿಂತ ದೂರ ಇರುವವರಿಗೆ ಸ್ವೀಟ್ ಕಾರ್ನ್ ಬೇಡ ಅಂತಲೇ ಹೇಳುತ್ತೇನೆ. ಬಿತ್ತುವ ಮುಂಚೆ ಈಗ ಬೀಜದ ಅಂಗಡಿಗಿಂತ ಮೊದಲು ಕಾಕಾನ ಮನೆಗೆ ಹೋಗುತ್ತೇನೆ. "ಕಾಕಾ, ಈ ಸಲ ಯಾವ ಮಳಿಗೆ ಬಿತ್ತತೀರಿ?" ಅವರು ಮಿರಗಕ್ಕೆ ಅಂದರೆ ಜುಲೈ 5ಕ್ಕೆ ನನ್ನ ಮೊದಲ ತುಂಡು. ಅದರ ಮುಂದಿನ ಆರಿದ್ರಾ ಮಳೆಗೆ ಹೋಯಿತು ಅಂದರೆ ಅವರ ಸೂಲಂಗಿ ಆಗಸ್ಟ್ ಕೊನೆಗೆ ಬರುತ್ತದೆ, ನಾನು ಜುಲೈ 20ರವರೆಗೆ ಬೀಜದ ಚೀಲ ಬಿಚ್ಚುವುದಿಲ್ಲ.